ಬನಹಟ್ಟಿಯಲ್ಲಿ ಬಿಚ್ಚದ ಜಡೆ

ನಮ್ಮದು ಎಂಟು ಹೆಂಗಸರ ನೃತ್ಯ ತಂಡ, ಊರು ಜಮಖಂಡಿ. ವರ್ಷವಿಡೀ ಒಬ್ಬಳು ಬ್ಯಾಂಕಿನಲ್ಲಿ, ಒಬ್ಬಳು ತಹಶೀಲ್ದಾರರ ಕಚೇರಿಯಲ್ಲಿ, ಇಬ್ಬರು ತಮ್ಮ ಮನೆಯ ಅಂಗಡಿಯ ಗಲ್ಲಾದಲ್ಲಿ ಕೂತಿರುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ದಸರಾ ರಜೆ ಬಂತೆಂದರೆ ಎಲ್ಲರೂ ಬಿಡುವು ಮಾಡಿಕೊಂಡು, ಒಂದು ಟೆಂಪೋ ಗೊತ್ತುಮಾಡಿ, ಸುತ್ತಲ ಊರುಗಳಿಗೆ ಹೊರಡುತ್ತೇವೆ. ನಮಗೆ ಕಲಿಸುವವರು ಅರವತ್ತು ದಾಟಿದ ಒಬ್ಬ ಹೆಂಗಸು. ನಾವೆಲ್ಲ ಅವರನ್ನು ಅಕ್ಕಾವ್ರು ಅನ್ನುತ್ತೇವೆ. ಹಾಡು, ವಾದ್ಯ, ದೀಪ ಎಲ್ಲ ಅವರ ಯಜಮಾನರ ಜವಾಬ್ದಾರಿ.

ನಾನು ಹೇಳಹೊರಟಿರುವುದು ಎರಡು ಹೆಜ್ಜೆಗಳ ಬಗ್ಗೆ. ಬನಹಟ್ಟಿಯ ವೇದಿಕೆಯ ಮೇಲೆ ನಾನು ಇಟ್ಟ ಒಂದು ತಪ್ಪು ಹೆಜ್ಜೆ, ಅದನ್ನು ಮುಚ್ಚಿಕೊಳ್ಳಲು ಇಟ್ಟ ಇನ್ನೊಂದು ಸರಿಯಾದ ಹೆಜ್ಜೆ. ಮೊದಲನೆಯದನ್ನು ಯಾರಾದರೂ ಕ್ಷಮಿಸುತ್ತಿದ್ದರು. ಎರಡನೆಯದಕ್ಕೆ ನನ್ನ ಹತ್ತಿರ ಇವತ್ತಿಗೂ ಸಮಜಾಯಿಷಿ ಇಲ್ಲ.

ಆಗ ನಮ್ಮ ಕೈಯಲ್ಲಿ ಐದು ರೂಪಕಗಳಿದ್ದವು. ಶಿವ ಪಾರ್ವತಿಯರ ಲಗ್ನದ್ದೊಂದು. ಹಿನ್ನೀರಿನಲ್ಲಿ ಮುಳುಗಿದ ಊರಿನದೊಂದು. ಬೇಟೆನಾಯಿ ಮತ್ತು ಮೊಲದ್ದೊಂದು. ವಚನಗಳಿಗೆ ಕಟ್ಟಿದ ಹೆಜ್ಜೆಗಳದ್ದು ನಾಲ್ಕನೆಯದು. ಐದನೆಯದು ಜಡೆ. ಯಾವ ಊರಿನಲ್ಲಿ ಯಾವುದನ್ನು ಕುಣಿಯಬೇಕು ಎನ್ನುವುದನ್ನು ನಾವು ಮೊದಲೇ ತೀರ್ಮಾನಿಸುವುದಿಲ್ಲ. ಅಕ್ಕಾವ್ರು ತಂಡ ಕಟ್ಟಿದ ದಿನದಿಂದ ನಡೆದು ಬಂದ ರೀತಿ ಹೀಗೆ: ನಾವು ಊರು ಮುಟ್ಟಿದ ಮೇಲೆ ಹಿರಿಯರು ಬಂದು ಅವರ ಉಡಿಯಲ್ಲಿ ಐದು ವೀಳ್ಯದೆಲೆ, ಎರಡು ಅಡಿಕೆ ಇಟ್ಟು ತಮಗೆ ಬೇಕಾದ ರೂಪಕ ಹೇಳುತ್ತಾರೆ. ಎಲೆ ಹಿಡಿದ ಮೇಲೆ ಬದಲಿಸುವ ಮಾತಿಲ್ಲ. ಆದ್ದರಿಂದ ಐದನ್ನೂ ಮೈಯಲ್ಲಿ ಇಟ್ಟುಕೊಂಡೇ ತಿರುಗಬೇಕು. ಬೇರೆಯವರು ಅದನ್ನು ಕಷ್ಟ ಅನ್ನುತ್ತಿದ್ದರು, ನಾನು ಅನ್ನುತ್ತಿರಲಿಲ್ಲ. ಲೆಕ್ಕದ ಟೀಚರು ಎಣಿಕೆ ತಪ್ಪುವುದುಂಟೇ ಎಂದು ಮನಸ್ಸಿನಲ್ಲೇ ಬೀಗುತ್ತಿದ್ದೆ. ಮನಸ್ಸಿನಲ್ಲೇ ಅಂದೆ, ಆದರೆ ಬಾಯಿ ಬಿಟ್ಟೂ ಹೇಳುತ್ತಿದ್ದೆ ಎನ್ನುವುದನ್ನು ಮುಂದೆ ಒಪ್ಪಿಕೊಳ್ಳಲೇಬೇಕು.

ಜಡೆ ಎನ್ನುವ ರೂಪಕ ಹೇಗಿರುತ್ತದೆ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ವೇದಿಕೆಯ ನಡುವೆ ಮೇಲಿನಿಂದ ಒಂದು ಕಬ್ಬಿಣದ ಬಳೆ ಇಳಿಬಿಟ್ಟಿರುತ್ತದೆ. ಆ ಬಳೆಗೆ ಎಂಟು ಬಣ್ಣದ ಎಂಟು ನೂಲಿನ ಹಗ್ಗ ಕಟ್ಟಿರುತ್ತದೆ. ಆ ಹಗ್ಗದ ನೂಲು ಬನಹಟ್ಟಿಯ ಪಕ್ಕದ ನೇಕಾರರ ಊರು ರಬಕವಿಯದು. ಎಂಟು ಮಂದಿ ಒಂದೊಂದು ಹಗ್ಗದ ತುದಿ ಹಿಡಿಯುತ್ತೇವೆ. ನಾಲ್ವರು ಬಲಕ್ಕೆ, ನಾಲ್ವರು ಎಡಕ್ಕೆ ಸುತ್ತುತ್ತೇವೆ. ಎದುರಾದವಳನ್ನು ಒಮ್ಮೆ ಒಳಗಿನಿಂದ ದಾಟಬೇಕು, ಮುಂದಿನವಳನ್ನು ಹೊರಗಿನಿಂದ ದಾಟಬೇಕು. ಹಾಗೆ ದಾಟುತ್ತಾ ಹೋದಂತೆ ತಲೆಯ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಅರ್ಧ ರೂಪಕ ಮುಗಿಯುವಷ್ಟರಲ್ಲಿ ಅದು ನಮ್ಮ ಎದೆಮಟ್ಟಕ್ಕೆ ಇಳಿದಿರುತ್ತದೆ. ಆಮೇಲೆ ಎಲ್ಲರೂ ತಿರುಗಿ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗುತ್ತೇವೆ. ಜಡೆ ಬಿಚ್ಚುತ್ತದೆ. ಎಂಟು ಹಗ್ಗ ಎಂಟು ಕಡೆ ನೆಟ್ಟಗೆ ನಿಂತಾಗ ರೂಪಕ ಮುಗಿಯುತ್ತದೆ. ಅಕ್ಕಾವ್ರದು ಒಂದೇ ಕಟ್ಟಳೆ, ಜಡೆ ಬಿಚ್ಚದೆ ಪರದೆ ಬೀಳಬಾರದು.

ಹೆಣೆಯುವಾಗ ಯಾರಾದರೂ ಒಳಗಿನ ಬದಲು ಹೊರಗೆ ಹೋದರೆ ಏನಾಗುತ್ತದೆ? ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ನೋಡುವವರಿಗೆ ತಿಳಿಯುವುದೂ ಇಲ್ಲ. ಬಿಚ್ಚುವಾಗ ಅದೇ ಜಾಗಕ್ಕೆ ಬಂದಾಗ, ತಪ್ಪಿದವಳು ಅದೇ ತಪ್ಪನ್ನು ತಿರುಗಿ ಮಾಡಬೇಕು. ಹೊರಗೆ ಹೋಗಿದ್ದವಳು ಹೊರಗಿನಿಂದಲೇ ವಾಪಸು ಬರಬೇಕು. ಹಾಗೆ ಬಂದರೆ ಜಡೆ ಬಿಚ್ಚುತ್ತದೆ. ಸರಿಯಾದ ಹೆಜ್ಜೆ ಇಟ್ಟಳೋ, ಗಂಟು ಬೀಳುತ್ತದೆ.

ಹಸಿರು ಹಗ್ಗ ಹುನ್ನೂರಿನವಳದು. ಆ ವರ್ಷವೇ ಸೇರಿದ್ದಳು. ಹುನ್ನೂರಿನ ದೊಡ್ಡ ಒಕ್ಕಲುತನದ ಮನೆಯ ಸೊಸೆ, ನಾಲ್ಕು ವರ್ಷದ ಮಗಳ ತಾಯಿ. ಜಮಖಂಡಿಯಲ್ಲಿ ತವರುಮನೆ, ಕಾಲೇಜಿನಲ್ಲಿದ್ದಾಗ ಅಕ್ಕಾವ್ರ ಹತ್ತಿರ ಕಲಿತು ಬಿಟ್ಟಿದ್ದಳು. ಅವಳನ್ನು ಮತ್ತೆ ಕಳಿಸಿರೆಂದು ಕೇಳಲು ಅಕ್ಕಾವ್ರೇ ಹುನ್ನೂರಿಗೆ ಹೋಗಿದ್ದರು. ಅತ್ತೆ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

“ಒಂದ ಸಲ ಕಳಸ್ತೇನ್ರಿ,” ಅಂದಿದ್ದರಂತೆ. “ಬನಹಟ್ಟ್ಯಾಗ ನಮ್ಮ ಬೀಗರದಾರ. ಅಲ್ಲಿ ನಾನೂ ಬಂದು ನೋಡ್ತೇನಿ. ನಾಕ ಮಂದ್ಯಾಗ ನಗೆಪಾಟಲಾದ್ರ ಅಷ್ಟಕ್ಕ ಆತು, ಮುಂದ ಕೇಳಬ್ಯಾಡ್ರಿ.”

ಹೀಗೆ ಅವಳ ಕುಣಿತವೆಲ್ಲ ಆ ಒಂದು ಸಂಜೆಯ ಮೇಲೆ ನಿಂತಿತ್ತು. ಅದು ನಮಗೆಲ್ಲರಿಗೂ ಗೊತ್ತಿತ್ತು. ನನಗಂತೂ ಚೆನ್ನಾಗಿಯೇ ಗೊತ್ತಿತ್ತು, ಯಾಕೆಂದರೆ ಜಡೆಯಲ್ಲಿ ಅವಳಿಗೆ ಎದುರಾಗುವ ಕೆಂಪು ಹಗ್ಗ ನನ್ನದು, ಅವಳನ್ನು ತಯಾರು ಮಾಡುವ ಕೆಲಸವನ್ನೂ ಅಕ್ಕಾವ್ರು ನನಗೇ ಒಪ್ಪಿಸಿದ್ದರು. ಎರಡು ತಿಂಗಳು ಶನಿವಾರ, ಭಾನುವಾರ ಅವಳು ಬಸ್ಸು ಹಿಡಿದು ಬರುತ್ತಿದ್ದಳು. ನಾನು ತರಗತಿಯಲ್ಲಿ ಹುಡುಗರನ್ನು ಹುರಿದು ಮುಕ್ಕುವ ಹಾಗೆ ಅವಳನ್ನೂ ಮುಕ್ಕಿದೆ. ಅವಳು ಎದುರು ಮಾತಾಡಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ ತಾಲೀಮಿನಲ್ಲಿ ಇಬ್ಬರ ಭುಜ ತಾಗಿತು. ತಪ್ಪು ಯಾರದೆಂದು ನೋಡುವ ಗೋಜಿಗೂ ಹೋಗದೆ ಹೇಳಿಬಿಟ್ಟೆ:

“ನೋಡಬೇ, ಹದಿನೆಂಟು ವರ್ಷ ಆತು ನಾ ಇದನ್ನ ಕುಣಿಯಾಕತ್ತು. ನನ್ನ ಹೆಜ್ಜಿ ತಪ್ಪಂಗಿಲ್ಲ. ಎಲ್ಲ್ಯಾರ ಗಂಟ ಬಿತ್ತಂದ್ರ ಅದು ನಿಂದ ಅಂತ ತಿಳಕೊ.”

“ಹೂನ್ರಿ ಟೀಚರ್ರ,” ಅಂದಳು. ಉಳಿದವರು ನಕ್ಕರು. ನಾನೂ ನಕ್ಕೆ.

ಆ ಸಲದ ತಿರುಗಾಟ ಬೀಳಗಿಯಿಂದ ಶುರುವಾಯಿತು. ಅಲ್ಲಿ ಹೋಗುವಾಗ ಅಕ್ಕಾವ್ರಿಗೆ ಒಂದು ಆಸೆ ಇತ್ತು. ಮುಳುಗಿದ ಊರಿನ ರೂಪಕವನ್ನು ಕಟ್ಟಿದ್ದೇ ಆ ಸೀಮೆಯ ಜನರನ್ನು ನೆನೆದು. ಬಾಗಿಲ ಚೌಕಟ್ಟನ್ನು ಹೊತ್ತು ಎತ್ತರದ ನೆಲಕ್ಕೆ ನಡೆಯುವ ಹೆಂಗಸರು, ಹಿಂದೆ ಏರುವ ನೀರು. ಬೇರೆ ಊರುಗಳಲ್ಲಿ ಅದನ್ನು ನೋಡಿ ಜನ ಅತ್ತಿದ್ದರು. ಆದರೆ ಎಲೆ ಹಿಡಿದು ಬಂದ ಹಿರಿಯರು, ಎಲ್ಲವನ್ನೂ ಕೇಳಿ, ಅದನ್ನು ಬೇಡವೆಂದರು.

“ಅದನ್ನ ನಾವು ಕಣ್ಣಾರೆ ನೋಡೇವ್ರಿ ಅಕ್ಕಾರ,” ಅಂದರು ಅವರಲ್ಲೊಬ್ಬರು. “ಮತ್ತೇನ ನೋಡೂದೈತಿ. ಲಗ್ನದ್ದು ಮಾಡ್ರಿ. ಹೆಣ್ಮಕ್ಕಳು ನಾಕ ಹೊತ್ತು ಖುಷಿಲೆ ಕುಂದರ್ಲಿ.”

ಅಕ್ಕಾವ್ರು ಎಲೆ ಹಿಡಿದರು. ನಾವು ಪೆಟ್ಟಿಗೆಯಿಂದ ಜರಿಯ ಸೀರೆ, ಬಾಸಿಂಗ ತೆಗೆದೆವು. ನಾನು ಪಾರ್ವತಿಯ ತಾಯಿ ಆಗಿದ್ದೆ. ಹುನ್ನೂರಿನವಳು ಆರತಿ ಹಿಡಿಯುವವಳು. ಸಣ್ಣ ಪಾತ್ರ, ಆದರೆ ತಟ್ಟೆ ಹಿಡಿದು ಅವಳು ಬರುವ ನಡಿಗೆ ನೋಡಿ ಮುಂದೆ ಕೂತ ಹೆಂಗಸರು ತಮ್ಮತಮ್ಮಲ್ಲೇ ಏನೋ ಮೆಚ್ಚಿ ಮಾತಾಡಿಕೊಂಡರು. ಅದು ನನ್ನ ಕಿವಿಗೆ ಬಿತ್ತು. ಆಗ ನನಗೆ ಆದದ್ದು ಸಂತೋಷವಲ್ಲ, ಒಂದಿಷ್ಟು ಹೊಟ್ಟೆಯುರಿ.

ಮರುದಿನ ಮುಧೋಳ. ಅಲ್ಲಿ ಯಾವುದನ್ನು ಕೇಳುತ್ತಾರೆ ಎನ್ನುವುದು ಟೆಂಪೋ ಚಾಲಕನಿಗೂ ಗೊತ್ತಿತ್ತು. ಮುಧೋಳದವರು ನಾಯಿಯ ರೂಪಕ ಬಿಟ್ಟು ಬೇರೆ ಕೇಳಿದ್ದೇ ಇಲ್ಲ. ಅದನ್ನು ಕಟ್ಟುವಾಗ ಅಕ್ಕಾವ್ರು ನಮ್ಮೆಲ್ಲರನ್ನೂ ಮುಧೋಳದ ಹೆಸರು ಹೊತ್ತ ಬೇಟೆನಾಯಿಗಳನ್ನು ಸಾಕುವ ತಿಮ್ಮಾಪುರಕ್ಕೆ ಕರೆದೊಯ್ದು ಅವು ಓಡುವುದನ್ನು ತೋರಿಸಿದ್ದರು. ಉದ್ದ ಕಾಲು, ಒಳಗೆ ಹೋದ ಹೊಟ್ಟೆ, ಓಡುವಾಗ ನಾಲ್ಕೂ ಪಾದ ನೆಲ ಬಿಟ್ಟಿರುತ್ತವೆ. ನಾವು ವಾರಗಟ್ಟಲೆ ಅದನ್ನೇ ಕುಣಿದು ಕುಣಿದು ಮೀನಖಂಡ ಹಿಡಿಸಿಕೊಂಡಿದ್ದೆವು. ಆದರೂ ಪ್ರತಿ ಸಲ ರೂಪಕ ಮುಗಿದ ಮೇಲೆ ಅಲ್ಲಿನ ಯಜಮಾನರೊಬ್ಬರು ಬಂದು, ಎಲ್ಲ ಚಲೋ ಆತು, ಆದರೆ ನಮ್ಮ ನಾಯಿ ಕತ್ತು ಹಿಂಗ ಹಿಡಿಯಂಗಿಲ್ಲ, ಎಂದು ತಾವೇ ಕತ್ತು ಚಾಚಿ ತೋರಿಸಿ ಹೋಗುತ್ತಾರೆ.

ಆ ರೂಪಕದಲ್ಲಿ ಮುಂದಾಳು ನಾಯಿ ನಾನು. ಮೊಲ ನಡುವೆ, ನಾಯಿಗಳು ಸುತ್ತ. ಏಳರ ತಾಳ. ಪ್ರತಿ ಏಳನೆಯ ಪೆಟ್ಟಿಗೆ ನಾನು ಸಾಲು ಬಿಟ್ಟು ಹೊರಗೆ ಚಿಮ್ಮಬೇಕು, ಮೊಲದ ದಾರಿ ಕಟ್ಟಬೇಕು. ಅದರಲ್ಲೇ ಚಪ್ಪಾಳೆ. ಅವತ್ತು ಮುಧೋಳದಲ್ಲಿ ಜನ ಶಿಳ್ಳೆ ಹೊಡೆದರು. ಊಟಕ್ಕೆ ಕೂತಾಗಲೂ ನನ್ನ ಕಾಲು ಬೆರಳು ನೆಲದ ಮೇಲೆ ಏಳನ್ನು ಎಣಿಸುತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ನಾಯಿಯ ರೂಪಕಕ್ಕೂ ಜಡೆಗೂ ಡೋಲಿನ ಪೆಟ್ಟು ಒಂದೇ. ಅಕ್ಕಾವ್ರ ಯಜಮಾನರು ಒಮ್ಮೆ ಧ್ವನಿಮುದ್ರಿಸಿಕೊಂಡ ಅದೇ ಡೋಲಿನ ಮೇಲೆ ಎರಡು ಬೇರೆ ಹಾಡು ಕೂಡಿಸಿದ್ದರು. ನಮಗೆ ಅದು ಅನುಕೂಲವೇ ಆಗಿತ್ತು, ಹೊಸ ತಾಳ ಕಲಿಯುವ ತಾಪತ್ರಯ ಇರಲಿಲ್ಲ. ಅಷ್ಟು ವರ್ಷ ಒಂದರ ಮರುದಿನವೇ ಇನ್ನೊಂದು ಬಂದಿರಲಿಲ್ಲ.

ಮರುದಿನ ಬನಹಟ್ಟಿ ಮುಟ್ಟಿದಾಗ ಮಧ್ಯಾಹ್ನ. ಓಣಿಗಳಲ್ಲಿ ಪಾವರ್‌ಲೂಮುಗಳ ಖಟಖಟ. ಸಮುದಾಯ ಭವನದ ಮೆಟ್ಟಿಲ ಮೇಲೆ ಹಿರಿಯರು ಕಾಯುತ್ತಿದ್ದರು. ಅವರ ಜೊತೆ ಒಬ್ಬ ಮುದುಕಿ, ಎಪ್ಪತ್ತರ ಮೇಲಿನವಳು, ಕಣ್ಣಿಗೆ ದಪ್ಪ ಗಾಜಿನ ಚಾಳೀಸು. ಐವತ್ತು ವರ್ಷ ಕೈಮಗ್ಗದ ಮೇಲೆ ಕೂತವಳು ಎಂದು ಪರಿಚಯ ಮಾಡಿಸಿದರು. ಎಲೆಯನ್ನು ಅವಳ ಕೈಯಿಂದಲೇ ಇಡಿಸಿದರು.

“ಅದೇನೋ ಹಗ್ಗದ್ದೈತೆಂತಲ್ಲ,” ಅಂದಳು ಮುದುಕಿ. “ಅದನ್ನ ಮಾಡ್ರಿ. ನೀವು ಹೆಂಗ ನೇಯ್ತೀರಿ ನೋಡೂನು.”

ಎಲ್ಲರೂ ನಕ್ಕರು. ಹುನ್ನೂರಿನವಳು ನಗಲಿಲ್ಲ. ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ ಅವಳು ನನ್ನ ಪಕ್ಕ ಬಂದು ಕೂತಳು.

“ಟೀಚರ್ರ, ಅತ್ತಿ ಮುಂದಿನ ಸಾಲಿನ್ಯಾಗ ಕುಂತಾರ್ರಿ.”

“ಕುಂದರ್ಲಿ. ನೀ ನನ್ನ ಮಾರಿ ನೋಡಕೋತ ಕುಣಿ,” ಅಂದೆ. ಇದು ಧೈರ್ಯ ಹೇಳಿದ್ದು. ಅವತ್ತು ನಾನು ಅವಳಿಗೆ ಹೇಳಿದ ಒಳ್ಳೆಯ ಮಾತು ಅದೊಂದೇ.

ಪರದೆ ಎದ್ದಾಗ ಸಂಜೆ ಆರೂವರೆ. ಭವನ ತುಂಬಿತ್ತು. ನೇಯುವ ಜನ ನೋಡುವ ರೀತಿಯೇ ಬೇರೆ. ಬೇರೆ ಊರಿನಲ್ಲಿ ನಮ್ಮ ಮುಖ, ಸೀರೆ, ಗೆಜ್ಜೆ ನೋಡುತ್ತಾರೆ. ಇವರು ತಲೆ ಎತ್ತಿ ಹಗ್ಗ ನೋಡುತ್ತಿದ್ದರು. ಎಂಟು ಎಳೆ ಒಂದರ ಮೇಲೊಂದು ಹಾಯುವಾಗ ಅವರ ಕಣ್ಣು ಜೊತೆಯಲ್ಲೇ ಹಾಯುತ್ತಿದ್ದವು. ಮೊದಲ ಸುತ್ತು ಹೋಯಿತು. ಎರಡನೆಯದು ಹೋಯಿತು. ಹುನ್ನೂರಿನವಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ದಾಟುತ್ತಿದ್ದಳು. ಮುಂದಿನ ಸಾಲಿನಲ್ಲಿ ಅವಳ ಅತ್ತೆ ಸೆರಗು ಹೊದ್ದು ನೆಟ್ಟಗೆ ಕೂತಿದ್ದರು. ಪಕ್ಕದ ಬೀಗಿತಿ ಏನೋ ಹೇಳಿದಾಗ ಅವರು ತಲೆ ಆಡಿಸಿದರು.

ಮೂರನೆಯ ಸುತ್ತಿನಲ್ಲಿ ಏಳನೆಯ ಪೆಟ್ಟು ಬಿತ್ತು. ಎದುರಿಗೆ ಹಸಿರು ಹಗ್ಗ. ನಾನು ಒಳಗೆ ಹೋಗಬೇಕು, ಅವಳು ಹೊರಗೆ. ನನ್ನ ತಲೆ ಒಳಗೆ ಅಂದಿತು. ಕಾಲು ಹೊರಗೆ ಚಿಮ್ಮಿತು. ಹಿಂದಿನ ದಿನ ಮೊಲವನ್ನು ಅಡ್ಡಗಟ್ಟಿದ ಅದೇ ಚಿಮ್ಮು. ಮುಧೋಳದ ಹೆಜ್ಜೆಯನ್ನು ಬನಹಟ್ಟಿಯಲ್ಲಿ ಇಟ್ಟಿದ್ದೆ. ಅವಳು ನನ್ನ ಭುಜಕ್ಕೆ ತಾಗಿ, ಅರೆ ಕ್ಷಣ ತಡೆದು, ಸರ್ರನೆ ಒಳಗೆ ನುಗ್ಗಿ ದಾಟಿಬಿಟ್ಟಳು. ಅಷ್ಟೇ. ಯಾರಿಗೂ ಏನೂ ಕಾಣಲಿಲ್ಲ. ಆ ಹುಡುಗಿ ನನ್ನ ತಪ್ಪನ್ನು ಅಷ್ಟು ನಯವಾಗಿ ನುಂಗಿಕೊಂಡಿದ್ದಳು.

ಆಮೇಲಿನದು ನನಗೆ ಒಂದೊಂದು ಪೆಟ್ಟೂ ನೆನಪಿದೆ. ಇನ್ನೂ ನಾಲ್ಕು ಸುತ್ತು ಹೆಣೆಯಬೇಕು, ಆಮೇಲೆ ಬಿಚ್ಚಬೇಕು. ನನ್ನ ತಪ್ಪು ತಲೆಯ ಮೇಲೆ ಜಡೆಯೊಳಗೆ ಕೂತಿತ್ತು. ಅದು ಎಷ್ಟನೆಯ ದಾಟಿನಲ್ಲಿದೆ ಎಂದು ನನಗೆ ಕರಾರುವಾಕ್ಕಾಗಿ ಗೊತ್ತಿತ್ತು, ಲೆಕ್ಕದವಳಲ್ಲವೇ. ಆ ಜಾಗಕ್ಕೆ ವಾಪಸು ಬಂದಾಗ ನಾನು ಮತ್ತೆ ಹೊರಗೆ ಹೋದರೆ ಸಾಕು, ಬಿಚ್ಚುತ್ತದೆ. ಆದರೆ ಬಿಚ್ಚುವಾಗ ಕುಣಿತ ನಿಧಾನ, ಡೋಲು ಸಣ್ಣಗಾಗಿರುತ್ತದೆ, ಒಬ್ಬೊಬ್ಬಳ ಹೆಜ್ಜೆಯೂ ಕಾಣುತ್ತದೆ. ಎಂಟು ಮಂದಿಯಲ್ಲಿ ನಾನೊಬ್ಬಳೇ ಸಾಲು ತಪ್ಪಿ ಹೊರಗೆ ಹೋಗುವುದನ್ನು ಅಕ್ಕಾವ್ರು ನೋಡುತ್ತಾರೆ. ಉಳಿದ ಆರು ಮಂದಿ ನೋಡುತ್ತಾರೆ. ಹದಿನೆಂಟು ವರ್ಷ ತಪ್ಪದವಳು.

ಜಡೆ ಎದೆಮಟ್ಟ ಬಂತು. ತಿರುಗಿದೆವು. ಬಿಚ್ಚುತ್ತಾ ಹೋಯಿತು. ಒಂದು ಸುತ್ತು, ಎರಡು, ಮೂರು, ನಾಲ್ಕು. ಆ ಜಾಗ ಬಂತು. ಎದುರಿಗೆ ಹುನ್ನೂರಿನವಳು. ಅವಳು ತಾನು ಬಂದ ಹಾಗೆಯೇ, ಒಳಗೆ, ಹೆಜ್ಜೆ ಇಟ್ಟಳು. ಅದು ಸರಿಯಾಗಿತ್ತು. ಅವಳು ನನಗೆ ಹೊರಗಿನ ದಾರಿ ಬಿಟ್ಟುಕೊಟ್ಟಿದ್ದಳು. ನಾನು ಹೋಗಲಿಲ್ಲ. ನಾನೂ ಒಳಗೇ ಹೆಜ್ಜೆ ಇಟ್ಟೆ, ಕಲಿಸಿದ ಹಾಗೆ. ಇಬ್ಬರೂ ಎದೆಗೆ ಎದೆ ಹಾಯ್ದು ನಿಂತೆವು. ಸಭೆಯಲ್ಲಿ ಯಾರೋ ಉಶ್ ಅಂದರು.

“ಹೊರಗ ಹೋಗು,” ಅಂದೆ, ಹಲ್ಲು ಕಚ್ಚಿ.

ಅವಳು ನನ್ನ ಮುಖ ನೋಡಿದಳು. ನಾನೇ ಹೇಳಿದ್ದೆ, ನನ್ನ ಮುಖ ನೋಡುತ್ತಾ ಕುಣಿ ಎಂದು. ನೋಡಿ, ಹೊರಗೆ ಹೋದಳು. ಮುಂದಿನ ಎರಡು ದಾಟಿನಲ್ಲಿ ಕೆಂಪು ಮತ್ತು ಹಸಿರು ಒಂದಕ್ಕೊಂದು ಸುತ್ತಿ ಬಿಗಿದುಕೊಂಡವು. ಹಗ್ಗಗಳು ನಿಂತವು. ನಾವು ನಿಂತೆವು. ಡೋಲು ಮಾತ್ರ ಮೊಳಗುತ್ತಲೇ ಇತ್ತು.

“ಎಳೀಬ್ಯಾಡ್ರಿ,” ಎಂದು ಸಭೆಯಿಂದ ಒಬ್ಬರು ಹೇಳಿದರು. “ಎಳದ್ರ ಬಿಗಿ ಆಕ್ಕೈತಿ.” ಅವರ ದನಿಯಲ್ಲಿ ಕುಹಕ ಇರಲಿಲ್ಲ. ಎಳೆ ಸಿಕ್ಕಾದರೆ ಏನು ಮಾಡಬಾರದು ಎನ್ನುವುದು ಆ ಭವನದಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದೆ ಕೂತ ಒಂದಿಷ್ಟು ಮಂದಿ ಮಾತ್ರ ನಕ್ಕರು. ಆ ನಗು ಮುಂದಿನ ಸಾಲಿಗೆ ಮುಟ್ಟುವುದನ್ನು ನಾನು ನೋಡಿದೆ. ಹುನ್ನೂರಿನ ಅತ್ತೆ ತಲೆ ತಗ್ಗಿಸಿದರು.

ಅಕ್ಕಾವ್ರು ವೇದಿಕೆಗೆ ಬಂದು ಸಭೆಗೆ ಕೈಮುಗಿದರು. ಪರದೆ ಎಳೆಸಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಜಡೆ ಬಿಚ್ಚದೆ ಪರದೆ ಬಿತ್ತು.

ಒಳಗೆ ಯಾರೂ ಯಾರನ್ನೂ ಬೈಯಲಿಲ್ಲ. ಅಕ್ಕಾವ್ರು ಕೇಳಿದ್ದು ಇಷ್ಟೇ: “ಎಲ್ಲಿ ತಪ್ಪಿತ?”

ಎಲ್ಲರ ಕಣ್ಣೂ ಹೊಸಬಳ ಕಡೆ ಹೋದವು. ಅವಳು ಎದುರು ಬಂದು ಡಿಕ್ಕಿ ಹೊಡೆದದ್ದನ್ನು ಎಲ್ಲರೂ ನೋಡಿದ್ದರು. ಈಗ ಹೇಳುತ್ತೇನೆ, ಈ ಉಸಿರು ಮುಗಿದ ಮೇಲೆ ಹೇಳುತ್ತೇನೆ, ಎಂದು ನಾನು ಕಾಯುತ್ತಿದ್ದಾಗ ಅವಳೇ ಹೇಳಿದಳು.

“ನಂದ ತಪ್ಪರಿ ಅಕ್ಕಾರ.”

ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಜಗಳ ಮಾಡಲು ಬಂದವರಲ್ಲ. “ಗೆಜ್ಜಿ ಬಿಚ್ಚಿ ಕೊಟ್ಟ ಬಾರವ್ವಾ,” ಅಂದರು ಸೊಸೆಗೆ. “ಅಕ್ಕಾರ, ಮಾತು ಆಗಿತ್ತಲ್ರಿ. ಸಿಟ್ಟಾಗಬ್ಯಾಡ್ರಿ.” ಹುನ್ನೂರಿನವಳು ಕೂತು ಗೆಜ್ಜೆಯ ಲಾಡಿ ಬಿಚ್ಚಿದಳು. ಒಂದು ಬಿಗಿಯಾಗಿತ್ತು, ಹಲ್ಲಿನಿಂದ ಎಳೆದಳು. ಎರಡನ್ನೂ ಅಕ್ಕಾವ್ರ ಕಾಲ ಹತ್ತಿರ ಇಟ್ಟು ನಮಸ್ಕಾರ ಮಾಡಿ ಎದ್ದಳು. ನನ್ನ ಹತ್ತಿರ ಬಂದು, “ಬರ್ತೇನ್ರಿ ಟೀಚರ್ರ,” ಅಂದಳು. ನಾನು ತಲೆ ಆಡಿಸಿದೆ. ಹೇಳಲು ನನಗೆ ಅಷ್ಟು ಹೊತ್ತು ಇತ್ತು, ಅವಳು ಮೆಟ್ಟಿಲಿಳಿಯುವವರೆಗೂ ಇತ್ತು, ಆಟೋ ತಿರುಗುವವರೆಗೂ ಇತ್ತು. ನಾನು ಹೇಳಲಿಲ್ಲ.

ಅವತ್ತು ನಾವು ಭವನದಲ್ಲೇ ಉಳಿದೆವು. ಗಂಟನ್ನು ಕತ್ತರಿಸೋಣ ಎಂದು ಯಾರೋ ಹೇಳಿದ್ದಕ್ಕೆ ಅಕ್ಕಾವ್ರು ಬೇಡ ಅಂದರು. ಬೆಳಿಗ್ಗೆ ಚಹಾ ಕುಡಿಯುವಾಗಲೂ ಅದು ವೇದಿಕೆಯ ನಡುವೆ ಜೋತಾಡುತ್ತಿತ್ತು. ನಾನು ಅದಕ್ಕೆ ಬೆನ್ನು ಮಾಡಿ ಕೂತಿದ್ದೆ.

ಎಂಟು ಗಂಟೆಯ ಹೊತ್ತಿಗೆ ಚಾಳೀಸಿನ ಮುದುಕಿ ಬಂದಳು. ಎಲೆ ಇಟ್ಟವಳು ತಾನು, ರೂಪಕ ಅರ್ಧಕ್ಕೆ ನಿಂತದ್ದು ಅವಳಿಗೂ ಮನಸ್ಸಿಗೆ ಹತ್ತಿತ್ತು. ಅಕ್ಕಾವ್ರು ಸಮಾಧಾನ ಹೇಳಲು ಹೋದರೆ, “ಅದನ್ನ ಇನ್ನೂ ಬಿಚ್ಚಿಲ್ಲೇನ?” ಎಂದು ಕೇಳುತ್ತಾ ನೆಟ್ಟಗೆ ವೇದಿಕೆ ಹತ್ತಿದಳು. ಜಡೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ತೋರುಬೆರಳನ್ನು ಗಂಟಿನ ಮೇಲೆ ಇಟ್ಟಳು. ಬೆರಳು ಹಸಿರು ಹಗ್ಗದ ಮೇಲೆ ಮೇಲಕ್ಕೆ ಹೋಯಿತು, ಒಂದು ದಾಟು, ಎರಡು ದಾಟು, ಮೆಲ್ಲಗೆ ಕೆಳಗೆ ಬಂತು. ಆಮೇಲೆ ಕೆಂಪಿನ ಮೇಲೆ ಹತ್ತಿತು. ಅವಳು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು: ಒಳಗ, ಹೊರಗ, ಒಳಗ, ಹೊರಗ. ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಯಾವ ಜಾಗದಲ್ಲಿ ಬೆರಳು ನಿಲ್ಲುತ್ತದೆ ಎಂದು ಆ ಭವನದಲ್ಲಿ ಅವಳಿಗಿಂತ ಮೊದಲು ನನಗೆ ಗೊತ್ತಿತ್ತು. ಅಲ್ಲೇ ನಿಂತಿತು.

“ಹಸರಿಂದಲ್ಲ ಇದು,” ಅಂದಳು ಮುದುಕಿ. “ಕೆಂಪ ಹೊರಗ ಹೋಗೈತಿ. ಹಸರು ಪಾಪ ಅದನ್ನ ಸಂಭಾಳಸೈತಿ. ಬರುವಾಗ ಕೆಂಪ ಬಂದ ದಾರಿ ಬಿಟ್ಟೈತಿ. ಕೆಂಪ ಹಿಡದಾಕಿ ಯಾರ?”

ಎಲ್ಲರಿಗೂ ಗೊತ್ತಿದ್ದ ಉತ್ತರ ಅದು.

“ನಾನರಿ,” ಅಂದೆ.

ಅವಳು ಚಾಳೀಸಿನೊಳಗಿನಿಂದ ನನ್ನನ್ನು ನೋಡಿದಳು. ಬೈಯುವ ಮುಖವಲ್ಲ. ನೇಯ್ಗೆಯಲ್ಲಿ ತಪ್ಪು ಎಲ್ಲಿದೆ ಎಂದು ಸಿಕ್ಕ ಮೇಲೆ ಕೆಲಸದವಳಿಗೆ ಇರುವ ಮುಖ. ಕೆಂಪು ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟಳು. ಹಸಿರನ್ನು ತಾನು ಹಿಡಿದಳು. ಉಳಿದ ಆರು ಮಂದಿಯನ್ನು ಅವರವರ ಜಾಗಕ್ಕೆ ನಿಲ್ಲಿಸಿ, ಮುಂದಕ್ಕೆ ಹೋಗಿದ್ದ ಎರಡು ದಾಟನ್ನು ಮೊದಲು ಸಡಿಲಿಸಿದಳು. ಹಿಂದಿನ ಸಂಜೆ ಕೆಂಪು ಒಳಗೆ, ಹಸಿರು ಹೊರಗೆ ಹೋದ ದಾಟನ್ನು ನಾನೂ ಅವಳೂ ಹಿಂದಕ್ಕೆ ತಿರುಗಿಸಿದೆವು. ಆಮೇಲೆ ಹೇಳಿದಳು:

“ಈಗ ಹೊರಗಿಂದ ಬಾ, ಮಗಳ.”

ಬಂದೆ. ಒಂದೇ ಹೆಜ್ಜೆ. ಗಂಟು ಇತ್ತೆಂಬ ಗುರುತೂ ಇಲ್ಲದಂತೆ ಬಿಚ್ಚಿತು. ಡೋಲಿಲ್ಲದೆ, ಗೆಜ್ಜೆಯಿಲ್ಲದೆ, ಚಪ್ಪಲಿಗಾಲಿನ ಮುದುಕಿಯ ಜೊತೆ ಉಳಿದ ಎರಡು ಸುತ್ತನ್ನೂ ಬಿಚ್ಚಿ ಮುಗಿಸಿದೆವು. ಎಂಟು ಹಗ್ಗ ನೆಟ್ಟಗೆ ನಿಂತವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಅತ್ತುಬಿಟ್ಟೆ. ನಾಚಿಕೆಗೆ ಬಂದ ಅಳು ಅದು, ಪಶ್ಚಾತ್ತಾಪ ಆಮೇಲೆ ಬಂತು.

ಅಕ್ಕಾವ್ರು ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು. “ನಿನ್ನೆ ಗೊತ್ತಿತ್ತ?”

“ಗೊತ್ತಿತ್ತರಿ.”

“ಹಂಗಾರ ಹುನ್ನೂರಿಗೆ ನಾ ಬರಂಗಿಲ್ಲ. ನೀ ಒಬ್ಬಾಕಿನ ಹೋಗು.”

ಟೆಂಪೋ ಜಮಖಂಡಿಗೆ ಹೊರಟಿತು, ನಾನು ಬಸ್ಸು ಹತ್ತಿದೆ. ಹುನ್ನೂರಿನ ಮನೆಯ ಅಂಗಳದಲ್ಲಿ ಶೇಂಗಾ ಒಣಗಲು ಹರವಿದ್ದರು. ಅತ್ತೆ ಅದರಲ್ಲಿ ಕೈಯಾಡಿಸುತ್ತಾ ಕೂತಿದ್ದರು. ನನ್ನನ್ನು ಕಂಡು ಎದ್ದು, ಕಂಬಳಿ ಹಾಸಿ, ಒಳಗೆ ಚಹಾಕ್ಕೆ ಹೇಳಿದರು. ಸೊಸೆ ಬಂದು ಬಾಗಿಲ ಹತ್ತಿರ ನಿಂತಳು, ಮಗಳು ಅವಳ ಸೆರಗು ಹಿಡಿದಿದ್ದಳು. ನಾನು ಚಹಾ ಬರುವ ಮೊದಲೇ ಎಲ್ಲ ಹೇಳಿ ಮುಗಿಸಿದೆ. ತಪ್ಪಿದ ಹೆಜ್ಜೆ, ಹಲ್ಲು ಕಚ್ಚಿ ಹೇಳಿದ ಮಾತು, ಮುದುಕಿಯ ಬೆರಳು, ಎಲ್ಲ.

ಅತ್ತೆ ಕೈಗೆ ಹತ್ತಿದ ಮಣ್ಣು ಒರೆಸಿಕೊಂಡು ಕೇಳಿದರು. “ನಾ ಆಕೀನ ಕರಕೊಂಡ ಹೊಂಟಾಗೂ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತರಿ.”

“ಅವಾಗ ಒಂದ ಮಾತ ಅಂದಿದ್ರ ಆಗಿತ್ತು,” ಅಂದರು. ಆಮೇಲೆ ಸೊಸೆಯ ಕಡೆ ತಿರುಗಿದರು. “ನಿಂದಲ್ಲಂದ್ರ ನೀ ಯಾಕ ನಂದಂದಿ? ನಿನಗ ಗೊತ್ತಿರಲಿಲ್ಲೇನು?”

ಅವಳು ಮಗಳ ತಲೆ ಸವರಿದಳು. ನನ್ನ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ. ಇದ್ದಿದ್ದರೆ ನನಗೆ ಅರ್ಧ ಭಾರ ಇಳಿಯುತ್ತಿತ್ತು.

“ಟೀಚರ್ರು ಹೊರಗ ಹೋದಂಗ ಅನಿಸಿತ್ತರಿ ಅತ್ತಿ,” ಅಂದಳು. “ಕಣ್ಣಲೆ ನೋಡಿದ್ನಿ. ಆದ್ರ ಇವರ ಹೆಜ್ಜಿ ತಪ್ಪಂಗಿಲ್ಲ ಅಂತ ಇವರ ಹೇಳಿದ್ರಲ್ಲ. ಗಂಟ ಬಿದ್ರ ನಂದ ಅಂತ ತಿಳಕೊ ಅಂದಿದ್ರು. ನನ್ನ ಕಣ್ಣ ತಪ್ಪಿರಬೇಕ ಅನಕೊಂಡ್ನಿ.”

ನನಗೆ ಆ ಕಂಬಳಿಯ ಮೇಲೆ ಕೂತಿರುವುದೇ ಕಷ್ಟವಾಯಿತು. ತರಗತಿಯಲ್ಲಿ ನಾನು ಎಷ್ಟು ಮಕ್ಕಳಿಗೆ ಇದನ್ನೇ ಮಾಡಿರಬಹುದು ಎನ್ನುವುದು ಒಮ್ಮೆಲೇ ತಲೆಗೆ ಹೊಕ್ಕಿತು. ಚಹಾ ಬಂತು. ಕುಡಿದೆ. ಅದರ ರುಚಿ ನೆನಪಿಲ್ಲ.

ಹೊರಡುವಾಗ ಅತ್ತೆ ಅಂಗಳದ ತುದಿಯವರೆಗೂ ಬಂದರು. “ನೀವು ಬಂದ ಹೇಳಿದ್ದು ಚಲೋ ಆತ್ರಿ,” ಅಂದರು. “ಆದ್ರ ಕಳಸಂಗಿಲ್ಲರಿ. ಕುಣಿಯೂದು ತಪ್ಪಂತಲ್ಲ. ತನ್ನ ಕಣ್ಣ ಬಿಟ್ಟು ನಿಮ್ಮ ಮಾತ ನಂಬಿದ್ಲು ನೋಡ್ರಿ, ನನಗ ಅದಕ್ಕ ಅಂಜಿಕಿ.” ನಾನು ಕೈಮುಗಿದು ಬಸ್ಸಿನ ಕಡೆ ನಡೆದೆ.

ಅವಳ ಜಾಗಕ್ಕೆ ಬೇರೆಯವರನ್ನು ತರೋಣ ಎಂದು ಒಂದಿಬ್ಬರು ಹೇಳಿದರು. ಅಕ್ಕಾವ್ರು ಒಪ್ಪಲಿಲ್ಲ. ಹಸಿರು ಹಗ್ಗವನ್ನು ಬಳೆಯಿಂದ ಬಿಚ್ಚಲೂ ಇಲ್ಲ. ಉಳಿದ ನಾಲ್ಕು ರೂಪಕಗಳನ್ನು ಏಳು ಮಂದಿಗೆ ಹೊಂದಿಸಿದರು. ಜಡೆ ಏಳು ಮಂದಿಗೆ ಬರುವುದಿಲ್ಲ. ನನ್ನನ್ನು ತಂಡದಿಂದ ತೆಗೆಯಲಿಲ್ಲ. ಒಂದೇ ಒಂದು ಕೆಲಸ ಹಚ್ಚಿದರು. ಎಲೆ ಹಿಡಿದು ಬಂದವರು ಜಡೆ ಕೇಳಿದರೆ ಅವರು ಉತ್ತರ ಹೇಳುವುದಿಲ್ಲ, ನನ್ನ ಕಡೆ ನೋಡುತ್ತಾರೆ.

ಈ ವರ್ಷ ಚಿಮ್ಮಡದಲ್ಲಿ ಮತ್ತೆ ಕೇಳಿದರು. ಬನಹಟ್ಟಿಗೆ ಹತ್ತಿರದ ಊರು, ಜಡೆಯ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಹಿರಿಯರು ಎಲೆ ಹಿಡಿದು ನಿಂತಿದ್ದರು. ಅಕ್ಕಾವ್ರು ನನ್ನ ಕಡೆ ನೋಡಿದರು.

“ಅದಕ್ಕ ಎಂಟ ಮಂದಿ ಬೇಕರಿ,” ಅಂದೆ. “ಏಳ ಮಂದಿ ಅದೇವಿ.”

“ಒಬ್ಬಾಕಿ ಏನಾದ್ಳರಿ?”

“ಆಕೀನ ನಾನ ಕಳದೇನ್ರಿ,” ಅಂದೆ.

ಹಿರಿಯರು ನಾಯಿಯ ರೂಪಕ ಮಾಡಿ ಎಂದು ಎಲೆ ಇಟ್ಟರು.